ಹಳೆ ಮನೆ ದುರಸ್ತಿ: ಮಾಳಿಗೆಯಿಂದ ನೆಲದವರೆಗೆ, ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಬೇಸಿಗೆಯಲ್ಲಿ ಗೋಡೆ ಕೆರೆದು, ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಪುಟ್ಟಿ ಎಳೆದು, ಎಮಲ್ಷನ್ ಬಳಿಸುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿ ಉದುರುತ್ತದೆ. ಬಣ್ಣದ ಕಂಪನಿಯನ್ನೂ ಪೇಂಟರನ್ನೂ ಬೈದು ಮುಂದಿನ ವರ್ಷ ಅದನ್ನೇ ಮತ್ತೆ ಮಾಡಿಸುತ್ತಾರೆ.

ತಪ್ಪು ಬಣ್ಣದ್ದಲ್ಲ, ಕೆಲಸದ ಕ್ರಮದ್ದು. ಈ ಮನೆಗಳ ಇಟ್ಟಿಗೆ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಗೋಡೆ ಒಂದಿಷ್ಟು ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು, ಎಮಲ್ಷನ್ ಬಳಿದರೆ ಆ ತೇವ ಹೊರಬರಲಾಗದೆ ಬಣ್ಣವನ್ನೇ ತಳ್ಳುತ್ತದೆ. ಹೀಗಾಗಿ ಮೊದಲು ನೀರು ಬರುವ ದಾರಿ ಮುಚ್ಚಬೇಕು, ಆಮೇಲೆ ಗೋಡೆಗೆ ಒಣಗಲು ಸಮಯ ಕೊಡಬೇಕು, ಗಾರೆ ಕೆಲಸ ಅದಾದ ಮೇಲೆ. ಕಣ್ಣಿಗೆ ಕಾಣುವ ಕೆಲಸವೆಲ್ಲ ಕೊನೆಗೆ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

## 1. ಸುತ್ತಿಗೆ ಎತ್ತುವ ಮೊದಲು: ಕಾಗದ ಮತ್ತು ಕರಾರು

ತಾತನ ಹೆಸರಿನಲ್ಲೇ ಖಾತೆ ಇರುವ ಮನೆಗೆ ದುಡ್ಡು ಸುರಿಯಬೇಡಿ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ವಿಭಾಗವಾಗದ ಮನೆಯಾದರೆ ಹಕ್ಕುದಾರರೆಲ್ಲರ ಒಪ್ಪಿಗೆ ಬರಹದಲ್ಲಿರಲಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅಣ್ಣತಮ್ಮಂದಿರ ಸಹಿ ಪಡೆದು ಅಕ್ಕತಂಗಿಯರನ್ನು ಬಿಟ್ಟರೆ ಅರ್ಧ ಕೆಲಸದಲ್ಲಿ ತಡೆಯಾಜ್ಞೆ ಬಂದೀತು.

ಹೆಂಚು ಬದಲಿಸುವುದು, ಗಾರೆ, ಸುಣ್ಣಬಣ್ಣ, ನೆಲದ ದುರಸ್ತಿಗೆ ಸಾಮಾನ್ಯವಾಗಿ ನಕ್ಷೆ ಮಂಜೂರಾತಿ ಬೇಕಿಲ್ಲ. ಕೋಣೆ ಸೇರಿಸುವುದು, ಮಹಡಿ ಏರಿಸುವುದು, ಭಾರ ಹೊರುವ ಗೋಡೆ ಮುಟ್ಟುವುದಕ್ಕೆ ಬೇಕು. ನಿಮ್ಮ ವಾರ್ಡಿನ ಪಾಲಿಕೆ ಎಂಜಿನಿಯರರಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪೂರ್ತಿ ಕೆಡವಿ ಕಟ್ಟುವ ಯೋಚನೆ ಇರುವವರು ಒಂದು ಲೆಕ್ಕ ಹಾಕಿ: ಗಡಿಗೆ ಅಂಟಿಕೊಂಡಿರುವ ಹಳೆ ಗೋಡೆ ಬಿದ್ದರೆ ಹೊಸ ಕಟ್ಟಡಕ್ಕೆ ಇಂದಿನ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ನಿಯಮ. ಇರುವ ಜಾಗವೇ ಕಡಿಮೆಯಾಗುತ್ತದೆ.

ಗುತ್ತಿಗೆಯನ್ನು ಚದರಡಿ ಲೆಕ್ಕದಲ್ಲಿ ಕೊಡಬೇಡಿ, ಐಟಂ ಲೆಕ್ಕದಲ್ಲಿ ಕೊಡಿ. ಹಳೆ ಮನೆಯಲ್ಲಿ ಗೋಡೆ ಬಿಚ್ಚಿದ ಮೇಲೆಯೇ ನಿಜ ಗೊತ್ತಾಗುವುದು, ಆದ್ದರಿಂದ ಅಂದಾಜಿನ ಮೇಲೆ ನೂರಕ್ಕೆ 20–25 ಎತ್ತಿಡಿ. ಕರಾರಿನಲ್ಲಿ ಈ ಸಾಲು ತಪ್ಪದೇ ಇರಲಿ: “ಬಿಚ್ಚಿದ ಮರ, ಹೆಂಚು, ಕಲ್ಲು, ಬಾಗಿಲು, ಹಿತ್ತಾಳೆ ಸಾಮಾನು ಮಾಲೀಕರದ್ದು.” ಈ ಸಾಲಿಲ್ಲದಿದ್ದರೆ ತೇಗದ ತೊಲೆ ಸಂಜೆಯೊಳಗೆ ಟೆಂಪೋ ಹತ್ತಿರುತ್ತದೆ, ಕೇಳಿದರೆ “ಡೆಬ್ರಿ ಸಾಗಿಸಿದ್ವಿ ಸಾರ್” ಎನ್ನುತ್ತಾರೆ.

## 2. ಒಂದು ಮಳೆಗಾಲ ಸುಮ್ಮನೆ ನೋಡಿ

ಬೆಂಗಳೂರಿನಲ್ಲಿ ದೊಡ್ಡ ಮಳೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆ ದಿನಗಳಲ್ಲಿ ಮನೆ ನೋಡಿಕೊಂಡು, ಡಿಸೆಂಬರಿನಲ್ಲಿ ಮಾಳಿಗೆ ಕೆಲಸ ಹಿಡಿಯುವುದು ಸರಿಯಾದ ಲೆಕ್ಕ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಮೇಲಿನ ಕೆಲಸ ಮುಗಿದಿರಬೇಕು.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಟೇಪು, ತೂಗುಗುಂಡು, ರಸಮಟ್ಟ, ನೀರು ತುಂಬಿದ ಲೆವೆಲ್ ಪೈಪು, ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ.

ಪ್ರತಿ ಕೋಣೆಯ ನಾಲ್ಕೂ ಗೋಡೆ, ಸೂರು, ನೆಲದ ಫೋಟೊ ತೆಗೆಯಿರಿ. ಬಾಗಿಲು ಕಿಟಕಿಗಳಿಗೆ ನಂಬರು ಕೊಟ್ಟು, ಬಿಚ್ಚುವ ಮೊದಲೇ ಚೌಕಟ್ಟಿಗೂ ರೆಕ್ಕೆಗೂ ಒಂದೇ ನಂಬರಿನ ತಗಡು ಹೊಡೆಯಿರಿ. ಕೈಯಿಂದ ಮಾಡಿದ ಬಾಗಿಲುಗಳು ಒಂದರಂತೆ ಒಂದಿರುವುದಿಲ್ಲ, ಅದಲುಬದಲಾದರೆ ಮತ್ತೆ ಕೂರುವುದಿಲ್ಲ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ, ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ಕಡೆ ಅಂಟಿಸಿ. ಗಾಜು ಸೀಳಿದರೆ ಬಿರುಕು ಇನ್ನೂ ಓಡುತ್ತಿದೆ ಎಂದರ್ಥ. ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ. 5 ಮಿ.ಮೀ. ಮೀರಿದ್ದು, ಮೆಟ್ಟಿಲಿನಂತೆ ಓರೆಯಾಗಿ ಇಳಿದದ್ದು, ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುವುದು, ಇವು ಪಾಯ ಕುಸಿಯುವ ಸೂಚನೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಹಳೆ ಕಟ್ಟಡ ಬಲ್ಲವರೇ ಬೇಕು. ಪಾರಂಪರಿಕ ಕಟ್ಟಡಗಳ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆಯಲ್ಲಿ ವಿಚಾರಿಸಬಹುದು.

ಗೋಡೆಯ ತೇವ ಎಲ್ಲಿಂದ ಬಂತೆಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಗಾಳಿಯಾಡದಂತೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ತೇವ ಗೋಡೆಯದ್ದು, ಹೊರಬದಿಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದ್ದು. ಎರಡನೆಯದಕ್ಕೆ ಕಿಟಕಿ ತೆರೆದಿಟ್ಟರೆ ಸಾಕು.

## 3. ಮಾಳಿಗೆ

ದುಡ್ಡು ಸಾಲದಿದ್ದರೆ ಇದೊಂದನ್ನು ಸರಿಯಾಗಿ ಮಾಡಿ, ಉಳಿದದ್ದು ಮುಂದಿನ ವರ್ಷಕ್ಕಿರಲಿ.

ಮದ್ರಾಸ್ ತಾರಸಿ. ಕೆಳಗೆ ಮರದ ಜಂತೆಗಳು, ಅವುಗಳ ಮೇಲೆ ತೆಳ್ಳಗಿನ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಮೇಲೆ 3–4 ಇಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು, ಅದರ ಮೇಲೆ ಚಪ್ಪಟೆ ಬಿಲ್ಲೆ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಮೂರೇ ಜಾಗದಲ್ಲಿ: ತಾರಸಿ ಮತ್ತು ಮೋಟುಗೋಡೆ ಸೇರುವ ಮೂಲೆ, ನೀರು ಹೊರಹೋಗುವ ಬಾಯಿ, ಅರಳಿ ಸಸಿ ಎದ್ದ ಬಿರುಕು.

ಮೊದಲು ತಾರಸಿ ಗುಡಿಸಿ, ನೀರಿನ ಬಾಯಿಗಳನ್ನು ಬಿಡಿಸಿ. ಅರಳಿ ಸಸಿಯನ್ನು ಮೇಲಿಂದ ಕತ್ತರಿಸಿದರೆ ಬೇರು ಇನ್ನಷ್ಟು ದಪ್ಪವಾಗುತ್ತದೆ. ಸುತ್ತಲಿನ ಇಟ್ಟಿಗೆ ಬಿಚ್ಚಿ ಬೇರನ್ನೇ ತೆಗೆದು, ಉಳಿದ ತುದಿಗೆ ಕಳೆನಾಶಕ ಹಚ್ಚಿ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟಿ. ಬಿಲ್ಲೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ‘ಡಬ್ ಡಬ್’ ಎನ್ನುವ ಜಾಗದಲ್ಲಿ ಕೆಳಗೆ ಪೊಳ್ಳಿದೆ. ಅಲ್ಲಿ ಮಾತ್ರ ಬಿಚ್ಚಿ, ಸುಣ್ಣದ ಕಾಂಕ್ರೀಟು ತುಂಬಿ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿಸಿ, ಬಿಲ್ಲೆ ಕೂರಿಸಿ. ನೀರಿನ ಬಾಯಿಯ ಕಡೆಗೆ 5 ಅಡಿಗೆ 1 ಇಂಚಾದರೂ ಇಳಿಜಾರು ಸಿಗಲಿ. ಮೋಟುಗೋಡೆಯ ಮೂಲೆಗೆ ಗಾರೆಯ ಓರೆಪಟ್ಟಿ ಕೊಡಿ.

ಹಳೆ ತಾರಸಿ ಮೇಲೆಯೇ ಹೊಸ ಕಾಂಕ್ರೀಟು ಸುರಿಯುವುದು ಊರೆಲ್ಲ ಮಾಡುವ ತಪ್ಪು. 10×10 ಅಡಿ ಕೋಣೆಯ ಮೇಲೆ 2 ಇಂಚು ಕಾಂಕ್ರೀಟು ಹಾಕಿದರೆ ಸುಮಾರು 1 ಟನ್ ಭಾರ ಏರಿದಂತೆ. ತುದಿ ಲಡ್ಡಾದ ಜಂತೆ ಮುರಿಯಲು ಅಷ್ಟು ಸಾಕು. 1,000 ಲೀಟರಿನ ಸಿಂಟೆಕ್ಸ್ ಟ್ಯಾಂಕೂ ಅಷ್ಟೇ ತೂಗುತ್ತದೆ. ಟ್ಯಾಂಕು, ಸೋಲಾರು ಹಿತ್ತಲಿನಲ್ಲಿ ಬೇರೆಯದೇ ಪಾಯದ ಕಬ್ಬಿಣದ ಕಂಬಗಳ ಮೇಲಿರಲಿ.

ಜಂತೆ ಕೊಳೆಯುವುದು ನಡುವೆ ಅಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಗೋಡೆಗೆ ತಾಗುವ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರದಲ್ಲಿ ಮೊನೆ ಅಷ್ಟಕ್ಕೇ ನಿಲ್ಲುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ತುದಿ ಹೋಗಿದೆ. ಕೆಳಗೆ ಕಬ್ಬಿಣದ ಜಾಕಿ ಪ್ರಾಪ್ ಕೊಟ್ಟ ಮೇಲೆಯೇ ಆ ಜಂತೆ ಮುಟ್ಟಿ. ಕೊಳೆತಷ್ಟನ್ನು ಕತ್ತರಿಸಿ, ಎರಡೂ ಬದಿಗೆ ಕಬ್ಬಿಣದ ಚಾನೆಲ್ ಇಟ್ಟು ಬೋಲ್ಟ್ ಹಾಕಿ, ಚಾನೆಲ್ಲಿನ ತುದಿಯನ್ನು ಗೋಡೆಗೆ ಊರಿಸಬಹುದು. ಅಳತೆ ಎಂಜಿನಿಯರ್ ಹೇಳಬೇಕು, ವೆಲ್ಡರ್ ಅಲ್ಲ. ಹೊಸ ತುದಿಯ ಸುತ್ತ ಗಾಳಿಯಾಡಲು ಸ್ವಲ್ಪ ಜಾಗ ಬಿಡಿಸಿ, ಸಿಮೆಂಟಿನಿಂದ ಬಿಗಿಯಬೇಡಿ.

ಎಚ್ಚರಿಕೆ: ಜಂತೆಗಳ ನಡುವಿನ ಇಟ್ಟಿಗೆ ಕೆಳಕ್ಕೆ ಜೋತಿದ್ದರೆ, ನೆಲದ ಮೇಲೆ ದಿನವೂ ಕೆಂಪು ಪುಡಿ ಬೀಳುತ್ತಿದ್ದರೆ ಆ ಕೋಣೆಯಲ್ಲಿ ಇಂದಿನಿಂದ ಯಾರೂ ಮಲಗಬಾರದು.

ಮಂಗಳೂರು ಹೆಂಚು. 100 ಚದರಡಿಗೆ ಸುಮಾರು 140 ಹೆಂಚು ಬೇಕು, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ತನ್ನಿ. ಹೆಂಚಿನ ಬೆನ್ನ ಮೇಲಿನ ಕಾರ್ಖಾನೆ ಗುರುತು ನೋಡಿಕೊಂಡು ಅದೇ ಗುರುತಿನದ್ದನ್ನೇ ಹುಡುಕಿ. ಬೇರೆ ಕಾರ್ಖಾನೆಯ ಹೆಂಚು ನೋಡಲು ಒಂದೇ ಥರ ಇದ್ದರೂ ಅಂಚಿನ ಕಚ್ಚು ಕೂರದೆ ಮಳೆನೀರು ನುಗ್ಗುತ್ತದೆ. ಗುರುತು ಸಿಗದಿದ್ದರೆ ಹಳೆಯದನ್ನೆಲ್ಲ ಬೀದಿ ಕಡೆಯ ಇಳಿಜಾರಿಗೆ ಸೇರಿಸಿ, ಹಿಂಬದಿಗೆ ಪೂರ್ತಿ ಹೊಸದು ಹೊದಿಸಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಕಣ್ ಎಂದು ಮೊಳಗಿದ ಹೆಂಚು ಇಟ್ಟುಕೊಳ್ಳಿ, ಮಂಕಾಗಿ ನುಡಿದದ್ದು ಸೀಳಿದೆ.

ಹೆಂಚು ಕೂರುವ ಮರದ ರೀಪರ್ ಪಟ್ಟಿಯ ಅಂತರವನ್ನು ಕೈಯಲ್ಲಿರುವ ಹೆಂಚು ಜೋಡಿಸಿ ಅಳೆದೇ ನಿಗದಿ ಮಾಡಿ, ಸಾಮಾನ್ಯವಾಗಿ 12½ ಇಂಚಿನ ಆಸುಪಾಸು. ಹೆಂಚಿನ ಮೇಲೆ ನೇರವಾಗಿ ಕಾಲಿಡದೆ ಏಣಿ ಮಲಗಿಸಿ ಅದರ ಮೇಲೆ ಓಡಾಡಿ. ಹೆಂಚು ತೆಗೆದು ತಗಡಿನ ಶೀಟು ಹಾಕುವುದು ಅಗ್ಗವೇನೋ ಹೌದು, ಆದರೆ ಏಪ್ರಿಲ್ ಮಧ್ಯಾಹ್ನ ಆ ಕೋಣೆಯಲ್ಲಿ ಕೂರಲಾಗುವುದಿಲ್ಲ.

## 4. ಮನೆಯ ಸುತ್ತಲಿನ ನೀರು

ಬೆಂಗಳೂರಿನಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಎಷ್ಟೋ ರಸ್ತೆಗಳು ಮನೆಯ ಜಗಲಿಗಿಂತ ಎತ್ತರವಾಗಿವೆ. ಲೆವೆಲ್ ಪೈಪು ಹಿಡಿದು ರಸ್ತೆ, ಅಂಗಳ, ಒಳನೆಲ ಮೂರರ ಮಟ್ಟ ಗುರುತಿಸಿ. ಹೊರಗಿನ ನೆಲ ಒಳನೆಲಕ್ಕಿಂತ 6 ಇಂಚಾದರೂ ಕೆಳಗಿರಬೇಕು. ಗೋಡೆಗೆ ಒತ್ತಿ ತುಂಬಿದ ಮಣ್ಣು ತೆಗೆಸಿ. ಗೋಡೆಗೆ ಅಂಟಿದಂತೆ ಹಾಕಿದ ಕಾಂಕ್ರೀಟಿನಲ್ಲಿ 2 ಅಡಿ ಅಗಲದ ಪಟ್ಟಿ ಕತ್ತರಿಸಿ ಜಲ್ಲಿ ತುಂಬಿ. ನೆಲದ ತೇವ ಗೋಡೆ ಹತ್ತುವ ಬದಲು ಅಲ್ಲೇ ಆವಿಯಾಗಿ ಹೋಗಲಿ.

ನೀರು ನಿಲ್ಲುವ ಬದಿಯಲ್ಲಿ ಗೋಡೆಯಿಂದ 2 ಅಡಿ ದೂರ ಬಿಟ್ಟು 1 ಅಡಿ ಅಗಲ, 1½ ಅಡಿ ಆಳದ ಕಾಲುವೆ ತೆಗೆದು, ನೀರು ಸೋಸುವ ಬಟ್ಟೆಹಾಳೆ ಹಾಸಿ, ತೂತಿನ 4 ಇಂಚು ಪೈಪು ಇಟ್ಟು 20 ಮಿ.ಮೀ. ಜಲ್ಲಿ ತುಂಬಿ. 100 ಅಡಿಗೆ 1 ಅಡಿ ಇಳಿಜಾರು ಸಾಕು. ಪಾಯದ ಕಲ್ಲಿನ ತಳಕ್ಕಿಂತ ಕೆಳಗೆ ಎಂದೂ ಅಗೆಯಬೇಡಿ. ಗೇಟಿನ ಅಡ್ಡಕ್ಕೆ ಜಾಲರಿ ಮುಚ್ಚಿದ ಮೋರಿ ಇದ್ದರೆ ರಸ್ತೆಯ ನೀರು ಅಲ್ಲೇ ನಿಲ್ಲುತ್ತದೆ.

ಆಮೇಲೆ ಸಂಪು ನೋಡಿ. ತುಂಬಿಸಿ, ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ದಿನ ಬಿಡಿ. ಗುರುತು ಬಿಟ್ಟು ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಗೋಡೆಯ ತೇವದ ಅರ್ಧ ಕಥೆ ಅಲ್ಲಿದೆ. ಹಿತ್ತಲಿನ ಒಳಚರಂಡಿಯ ಹಳೆ ಮಣ್ಣಿನ ಪೈಪುಗಳ ಸಂದಿಗೆ ತೆಂಗು, ಸಂಪಿಗೆಯ ಬೇರು ನುಗ್ಗಿ ನೀರು ಪಾಯದಡಿ ಹರಿಯುವುದೂ ಸಾಮಾನ್ಯ. ಅವನ್ನು ಪಿವಿಸಿಗೆ ಬದಲಿಸಿ. ಮಳೆನೀರಿನ ಇಂಗುಬಾವಿ ತೋಡುವುದಾದರೆ ಹಳೆ ಪಾಯದಿಂದ ಆದಷ್ಟು ದೂರ, ನಿವೇಶನದ ತಗ್ಗು ಮೂಲೆಯಲ್ಲಿರಲಿ.

## 5. ಗೆದ್ದಲು

ಗೋಡೆ, ಚೌಕಟ್ಟಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅರ್ಧ ಇಂಚಿನಷ್ಟು ಕೆರೆದು ನೋಡಿ. ಎರಡು ದಿನದಲ್ಲಿ ಮತ್ತೆ ಮುಚ್ಚಿಕೊಂಡರೆ ಗೂಡು ಜೀವಂತವಾಗಿದೆ. ಮದ್ದು ಹೊಡೆಯುವವರು ಗೋಡೆ–ನೆಲ ಸೇರುವ ಗೆರೆಯುದ್ದಕ್ಕೂ ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆಯುತ್ತಾರೆ. ಕೆಂಪು ಗಾರೆ ನೆಲದ ಮನೆಯಲ್ಲಿ ಆ ಗೆರೆಯ ಮೇಲೇ ಕಪ್ಪು ಅಂಚುಪಟ್ಟಿ ಇರುತ್ತದೆ, ಡ್ರಿಲ್ ಇಟ್ಟರೆ ಅದು ಚೂರು ಚೂರು. ಹೊರಬದಿಯಿಂದ, ಇಲ್ಲವೇ ಒಳಗೋಡೆಯ ತಳದಲ್ಲಿ ಗಾರೆ ಸಂದಿನ ಮೂಲಕ ಓರೆಯಾಗಿ ಕೊರೆಯಲು ಮೊದಲೇ ಹೇಳಿ, ಪಕ್ಕದಲ್ಲಿ ನಿಂತು ಮಾಡಿಸಿ. ಮನೆಯಲ್ಲಿ ಬಾವಿ ಇದ್ದರೆ ಅದನ್ನೂ ತಿಳಿಸಿ.

## 6. ವೈರಿಂಗ್, ಪೈಪು

ಗಾರೆಗೆ ಮುಂಚೆ ಇದು ಮುಗಿಯಬೇಕು. ಮರದ ಬ್ಯಾಟನ್ ಮೇಲಿನ ಹಳೆ ವೈರಿನ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತದೆ. ಅದನ್ನು ಉಳಿಸುವ ಆಸೆ ಬೇಡ. ಬ್ಯಾಟನ್ ಉಳಿಸಿ, ವೈರು ಬದಲಿಸಿ. ದೀಪ ಫ್ಯಾನಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿ.ಮೀ. ತಾಮ್ರದ ವೈರು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಹೊಸ ಅರ್ಥಿಂಗ್ ಗುಂಡಿ. ಎಲೆಕ್ಟ್ರಿಷಿಯನ್ ಗ್ರೈಂಡರ್ ಹಿಡಿದು ಗೋಡೆಯಲ್ಲಿ ಅಡ್ಡಗೆರೆ ಕೊಯ್ಯಲು ಬಂದರೆ ನಿಲ್ಲಿಸಿ. ಈ ಗೋಡೆಗಳೇ ಮಾಳಿಗೆ ಹೊತ್ತಿರುವುದು. ಗೋಡೆಯ ಮೇಲೆಯೇ ಕಾಣುವಂತೆ ಪೈಪು ಓಡಿಸಿದರೆ ಹಳೆ ಮನೆಗೆ ಅದೇ ಲಕ್ಷಣ. ಹೊಸ ಬಚ್ಚಲು, ಶೌಚಾಲಯವನ್ನು ಹಿತ್ತಲ ಬದಿಗೆ ಬೇರೆ ಪಾಯದಲ್ಲಿ ಕಟ್ಟಿ. ಮದ್ರಾಸ್ ತಾರಸಿಯ ಮೇಲೆ ಬಚ್ಚಲು ಎಂದೂ ಬೇಡ.

## 7. ಗೋಡೆಯ ಗಾರೆ

ಹಿಂದಿನವರು ಹೊಡೆಸಿದ ಸಿಮೆಂಟ್ ಪ್ಲಾಸ್ಟರನ್ನು ಉಳಿ ಸುತ್ತಿಗೆಯಿಂದ ಕೈಯಾರೆ ತೆಗೆಸಿ. ಬ್ರೇಕರ್ ಮಷೀನು ಇಟ್ಟರೆ ಪ್ಲಾಸ್ಟರಿನ ಜೊತೆ ಇಟ್ಟಿಗೆಯ ಮುಖವೂ ಕಿತ್ತು ಬರುತ್ತದೆ. ಬಿಳಿ ಉಪ್ಪು ಮೂಡಿದ್ದರೆ ಒಣ ಬ್ರಷ್ಷಿನಿಂದ ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಈಗ ಕಾಯಬೇಕು. ಗೋಡೆಯ ದಪ್ಪ ಇಂಚಿಗೆ ಒಂದು ತಿಂಗಳು ಎನ್ನುವುದು ಒಣಗುವಿಕೆಯ ರೂಢಿ ಲೆಕ್ಕ. 13½ ಇಂಚಿನ ಗೋಡೆಗೆ ವರ್ಷವೇ ಆದೀತು. ಅಷ್ಟು ಕಾಯಲಾಗದಿದ್ದರೆ ಸೊಂಟದಿಂದ ಕೆಳಗಿನ ಭಾಗವನ್ನು ಒಂದು ಬೇಸಿಗೆ ಬರಿ ಇಟ್ಟಿಗೆಯಾಗಿ ಬಿಟ್ಟು ಮೇಲಿನದ್ದು ಮುಗಿಸಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೆ ಮಾಡಿ. ಹನಿ ಕಟ್ಟದಿದ್ದರೆ ಮುಂದುವರಿಯಿರಿ.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸುವಾಗ ಕುದಿದು ಸಿಡಿಯುತ್ತದೆ. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಕನ್ನಡಕ, ಕೈಗವಸು ಕಡ್ಡಾಯ, ಮಕ್ಕಳು ಹತ್ತಿರ ಸುಳಿಯಬಾರದು. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲುವಂತೆ ಡ್ರಮ್ಮಿನಲ್ಲಿ ಕನಿಷ್ಠ 3–4 ವಾರ ಇಡಿ. ಅರಳದೆ ಉಳಿದ ಹರಳು ಗೋಡೆ ಸೇರಿದರೆ ತಿಂಗಳುಗಳ ನಂತರ ಉಬ್ಬಿ, ಗಾರೆಯಲ್ಲಿ ಕಡಲೆ ಗಾತ್ರದ ಗುಳಿ ಬೀಳುತ್ತದೆ.

ಮೊದಲ ಕೋಟಿಗೆ 1 ಪಾಲು ಸುಣ್ಣ, 1 ಪಾಲು ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ, 2 ಪಾಲು ತೊಳೆದ ಮರಳು. ಮರಳು ಸಿಗದಿದ್ದರೆ ತೊಳೆದ ಪಿ-ಸ್ಯಾಂಡ್ (ಗಾರೆಗೆಂದೇ ಕಲ್ಲು ಪುಡಿಮಾಡಿದ ಮರಳು). ಅಳಲೆಕಾಯಿ ನೆನೆಸಿದ ನೀರು, ಬೆಲ್ಲ ಸೇರಿಸುವ ಪದ್ಧತಿ ಇದೆ. ಅದರ ಹದ ಬಲ್ಲ ಮೇಸ್ತ್ರಿ ಇದ್ದರೆ ಮಾತ್ರ ಸೇರಿಸಿ. ಕಾಣದ ಮೂಲೆಯಲ್ಲಿ 3×3 ಅಡಿ ಹಚ್ಚಿ ಎರಡು ವಾರ ನೋಡಿ. ಬಲೆಯಂತೆ ಬಿರಿದರೆ ಸುಣ್ಣವೋ ನೀರೋ ಹೆಚ್ಚಾಗಿದೆ, ಉಜ್ಜಿದಾಗ ಉದುರಿದರೆ ಸುಣ್ಣ ಕಡಿಮೆ ಅಥವಾ ಬೇಗ ಒಣಗಿದೆ.

ಗೋಡೆ ನೆನೆಸಿ, ಒಂದು ಕೋಟು ಅರ್ಧ ಇಂಚು ಮೀರದಂತೆ ಹಚ್ಚಿ. ಮೇಲೆ ಕರಣೆಯಿಂದ ಗೀರಿ, 7–10 ದಿನ ಬಿಟ್ಟು ಎರಡನೆಯದು. ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿ ಇಳಿಬಿಟ್ಟು ದಿನಕ್ಕೆರಡು ಸಲ ಚಿಮುಕಿಸಿ. ಎರಡನೇ ದಿನ ಮೇಸ್ತ್ರಿ ಬಂದು “ಸ್ವಲ್ಪ ಸಿಮೆಂಟ್ ಬೆರೆಸಿದ್ರೆ ಬೇಗ ಹಿಡ್ಕೊಳ್ಳುತ್ತೆ ಸಾರ್” ಅಂತಾನೆ. ಹಿಡ್ಕೊಳ್ಳುತ್ತೆ, ನಿಜ. ಮುಂದಿನ ಮಳೆಗಾಲದಲ್ಲಿ ಬಿಡುತ್ತದೆ. ಸೈಟಿನಲ್ಲಿ ಸಿಮೆಂಟ್ ಚೀಲವೇ ಇಲ್ಲದಂತೆ ನೋಡಿಕೊಳ್ಳುವುದು ಸುಲಭದ ಉಪಾಯ.

ಬಣ್ಣಕ್ಕೆ ಹಾಲಿನಷ್ಟು ತೆಳ್ಳಗಿನ ಸುಣ್ಣ, ಮೂರು ಕೋಟು, ಪ್ರತಿ ಸಲವೂ ಗೋಡೆ ಒದ್ದೆ ಮಾಡಿ. ಪುಟ್ಟಿ, ಪ್ರೈಮರ್, ಎಮಲ್ಷನ್ ಬೇಡ.

## 8. ಬಾಗಿಲು, ಕಿಟಕಿ, ಮಂಕಿ ಟಾಪ್

ಹಳೆ ಬಣ್ಣದ ಪದರಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಬ್ಲೋ ಟಾರ್ಚಿನಿಂದ ಸುಡಬೇಡಿ, ಒಣದಾಗಿ ಮರಳು ಕಾಗದ ಉಜ್ಜಬೇಡಿ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆದು, ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ. ಗರ್ಭಿಣಿಯರು, ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿರಬಾರದು.

ಚೌಕಟ್ಟು ಕೊಳೆಯುವುದು ಹೊಸ್ತಿಲಿನ ಬಳಿ ಕೆಳಗಿನ ಒಂದಡಿ. ಅಷ್ಟನ್ನೇ ಓರೆಗತ್ತರಿಸಿ, ಕೆಡವಿದ ಮನೆಯ ಅದೇ ಜಾತಿಯ ಹಳೆ ಮರ ಬೆಸೆಯಲು ಆಚಾರರಿಗೆ ಹೇಳಿ. ಮಂಕಿ ಟಾಪಿನ (ಕಿಟಕಿ, ಜಗಲಿಯ ಮೇಲೆ ಮುಂಚಾಚಿದ ಮರದ ಚೂಪು ಸೂರು) ಪಟ್ಟಿಗಳಲ್ಲಿ ಒಂದನ್ನು ಬಿಚ್ಚಿ, ಪ್ಲೈವುಡ್ಡಿನ ಮೇಲೆ ಗೆರೆ ಎಳೆದು ಅಚ್ಚು ಮಾಡಿಕೊಳ್ಳಿ, ಮುರಿದವನ್ನಷ್ಟೇ ಅದರಂತೆ ಕೊಯ್ಯಿಸಿ. ಕೊನೆಗೆ ಅಗಸೆ ಎಣ್ಣೆ ತೆಳ್ಳಗೆ ಎರಡು ಕೋಟು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿ.

## 9. ಕೆಂಪು ಗಾರೆ ನೆಲ

ಕೆಲಸ ಶುರುವಾದ ದಿನವೇ ನೆಲಕ್ಕೆ ಗೋಣಿ, ಅದರ ಮೇಲೆ ಹಳೆ ಪ್ಲೈವುಡ್ ಹಾಸಿರಬೇಕು. ದುರಸ್ತಿ ಮಾತ್ರ ಎಲ್ಲ ಮುಗಿದ ಮೇಲೆ. ಆಸಿಡ್, ಟಾಯ್ಲೆಟ್ ಕ್ಲೀನರ್ ಹಾಕಿದರೆ ಹೊಳಪು ಶಾಶ್ವತವಾಗಿ ಹೋಗುತ್ತದೆ. ಸೌಮ್ಯ ಸೋಪಿನ ನೀರು, ಮೆತ್ತನೆ ಬ್ರಷ್ಷು ಸಾಕು.

ಬಿರುಕಿಗೆ ಸಿಮೆಂಟು ಮತ್ತು ಆಕ್ಸೈಡ್ ಪುಡಿ ಕಲಸಿ ತುಂಬಬಹುದು. ಪುಡಿ ಸಿಮೆಂಟಿನ ತೂಕದ ನೂರಕ್ಕೆ 10 ಮೀರಬಾರದು, ಮೀರಿದರೆ ಮೇಲ್ಮೈ ಪುಡಿಯೇಳುತ್ತದೆ. ಗಾರೆಯಲ್ಲಿ ಬೇಡವೆಂದ ಸಿಮೆಂಟು ಇಲ್ಲಿ ಸರಿ, ಯಾಕೆಂದರೆ ನೆಲದ ಮೇಲ್ಪದರವೇ ಸಿಮೆಂಟಿನದ್ದು. ಹಳೆ ಕೆಂಪು, ಹೊಸ ಕೆಂಪು ಎಂದೂ ಒಂದಾಗುವುದಿಲ್ಲ. ತೇಪೆ ಹಾಕುವ ಬದಲು ಅಂಚುಪಟ್ಟಿಯಿಂದ ಅಂಚುಪಟ್ಟಿಯವರೆಗೆ ಒಂದಿಡೀ ಚೌಕ ಹೊಸದಾಗಿ ಹಾಕಿದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಕನಿಷ್ಠ 7 ದಿನ ನೀರು ಕಟ್ಟಿ ನಿಲ್ಲಿಸಿ, ಒಣಗಿದ ಮೇಲೆ ಜೇನುಮೇಣ ಉಜ್ಜಿ.

ಇದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದರೆ ನೆಲ ಒಂದೂವರೆ ಇಂಚು ಏರುತ್ತದೆ, ಪ್ರತಿ ಬಾಗಿಲ ಕೆಳಗೂ ಗರಗಸ ಬೀಳುತ್ತದೆ, ನೆಲದ ತೇವ ಮೇಲೇಳಲು ದಾರಿಯಿಲ್ಲದೆ ಗೋಡೆ ಹತ್ತುತ್ತದೆ. ಆಗ ಹೊಸ ಗಾರೆಗೂ ಅದೇ ಗತಿ.

## 10. ಮೊದಲ ಮಳೆಗಾಲ

ಗುತ್ತಿಗೆಯ ನೂರಕ್ಕೆ 10 ಹಣ ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಬಳಿಯೇ ಇರಲಿ. ಮೊದಲ ಜೋರು ಮಳೆಯ ದಿನ ಟಾರ್ಚು ಹಿಡಿದು ಜಂತೆಗಳ ತುದಿ, ಮೋಟುಗೋಡೆಯ ಮೂಲೆ, ಗೇಟಿನ ಮೋರಿ ನೋಡಿ. ಕಲೆ ಕಂಡಲ್ಲಿ ಸುತ್ತ ಪೆನ್ಸಿಲ್ ಗೆರೆ, ತಾರೀಕು. ಮರುಮಳೆಗೆ ಕಲೆ ಗೆರೆ ದಾಟಿದರೆ ಮೇಸ್ತ್ರಿಯನ್ನು ಕರೆಸಿ, ದಾಟದಿದ್ದರೆ ಅದು ಒಣಗುತ್ತಿರುವ ಹಳೆ ತೇವ. ಸೀಲಿಂಗಿಗೆ ಸುಣ್ಣ ಬಳಿಸುವುದನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.